ಕುಳೆಂ ಶೆಡ್ಡಿನ ಮರಳು

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ
ಮರಳು ಹುರಿದು ಬೆಳೆದವನು ನಾನು, ಚಮನಸಾಬ.
ಅಲ್ಲಿ ಅಕ್ಕಿ ಉಳಿಯಬೇಕು, ಮರಳು ಉದುರಬೇಕು.
ಭಟ್ಟಿ ಮುಚ್ಚಿದ ವರ್ಷ ಗೋವೆಯ ಗಾಡಿ ಹತ್ತಿ
ಕುಳೆಂ ಲೋಕೋ ಶೆಡ್ಡಿನ ಬಾಗಿಲಲ್ಲಿ ನಿಂತೆ.
‘ಏನು ಬರುತ್ತದೆ?’ ಎಂದ ಫೋರ್‌ಮನ್.
‘ಮರಳು ಹುರಿಯೋದು.’
ಶೆಡ್ಡೆಲ್ಲ ನಕ್ಕಿತು. ಅವನು ನಗಲಿಲ್ಲ.
ಅಂದೇ ಸಲಿಕೆ ಕೊಟ್ಟ.

ಘಾಟಿ ಹತ್ತುವ ಗೂಡ್ಸಿಗೆ
ಮುಂದೊಂದು ಎಂಜಿನ್ನು, ಹಿಂದಿನಿಂದ ನೂಕಲು ಇನ್ನೊಂದು.
ಎರಡೂ ವೈಡಿ.
ಮುಂದೆ ಎರಡು ಸಣ್ಣ ಗಾಲಿ, ನಡುವೆ ಎಂಟು ದೊಡ್ಡವು,
ಹಿಂದೆ ಮತ್ತೆರಡು.
ಎಣಿಸಿದರೆ ವರುಷದ ತಿಂಗಳು.
ಪಕ್ಕೆಯ ಹಿತ್ತಾಳೆ ಫಲಕವನ್ನು
ಓದು ಬಾರದ ನನಗೆ ಡ್ರೈವರ್ ಕಾಯ್ತಾನ್ ಕುಲಾಸೊ ಓದಿ ಹೇಳಿದ:
ವಿಲಾಯತಿಯ ಒಂದು ಕಮ್ಮಾರಸಾಲೆ, ಒಂದು ಇಸವಿ, ಒಂದು ಸಂಖ್ಯೆ.
‘ಅಲ್ಲೂ ಬರೀ ಮಳೆ’ ಎಂದ, ಹೋಗಿ ಬಂದವನ ಹಾಗೆ.
ಅವನು ಲೋಂಡಾ ದಾಟಿದ್ದೇ ಅಪರೂಪ.

ಇಷ್ಟು ದೊಡ್ಡ ಕಬ್ಬಿಣಕ್ಕೆ
ಹಳಿಯ ಮೇಲೆ ಕಾಲೂರಲು ನನ್ನದೊಂದು ಹಿಡಿ ಬೇಕು
ಎಂದು ನಂಬಲು ಒಂದು ಮಳೆಗಾಲ ಹಿಡಿಯಿತು.
ಕಡಲ ಮರಳಾಗದು, ಅದರ ಉಪ್ಪು ನೀರು ಕುಡಿಯುತ್ತದೆ.
ಹೊಳೆಯದೇ ಬೇಕು: ಹೊತ್ತು, ಹುರಿದು, ಜರಡಿ ಹಿಡಿದು
ಬಿಸಿಬಿಸಿ ತುಂಬಬೇಕು.
ಹಳಿಗೆ ಬಿದ್ದದ್ದನ್ನು ಗಾಲಿ ಅರೆದು ಹಿಟ್ಟು ಮಾಡುತ್ತದೆ,
ಹಿಟ್ಟನ್ನು ಮಳೆ ತೊಳೆದು ಅದೇ ಹೊಳೆಗೆ ಇಳಿಸುತ್ತದೆ,
ನಾನು ಮತ್ತೆ ಬುಟ್ಟಿ ಹಿಡಿದು ಅಲ್ಲೇ.
‘ಅದಕ್ಕೇ ಕನ್ನಡದಲ್ಲಿ ಮರಳು ಅಂತೀವಿ’ ಎಂದರೆ
ಕಾಯ್ತಾನ್ ನಕ್ಕ. ‘ನಮ್ಮಲ್ಲಿ ಬರೀ ರೇಂವ್.’

ಆಷಾಢದ ಒಂದು ರಾತ್ರಿ
ಸೌದೆ ಹಸಿ, ಒಲೆ ತುಂಬ ಹೊಗೆ, ನನಗೆ ಜ್ವರ.
ಅರ್ಧ ಒಣಗಿದ್ದನ್ನೇ ತುಂಬಿಬಿಟ್ಟೆ.
ಸೋನಾವಳಿ ದಾಟಿ ಒಂದು ಸುರಂಗದೊಳಗೆ
ಮರಳಿನ ಕೊಳವೆ ಕಟ್ಟಿತು.
ಎಂಟು ಗಾಲಿ ನಿಂತಲ್ಲೇ ಗಿರಗಿರ, ಕಿಡಿ.
ಹೊಗೆ ಹೊರಗೆ ಹೋಗದು, ಗಾಡಿ ಮುಂದೆ ಹೋಗದು.
ಹಿಂದಿನ ಎಂಜಿನ್ನು ಸಿಳ್ಳೆ ಹಾಕಿ ಕೇಳುತ್ತಿದೆ,
ಮುಂದಿನದು ಉತ್ತರ ಕೊಡುತ್ತಿಲ್ಲ.
ಫೈರ್‌ಮನ್ ಭೀಮಶಿ ಒದ್ದೆ ಗೋಣಿ ಮುಖಕ್ಕೆ ಸುತ್ತಿ
ಕೆಳಗಿಳಿದು, ತಡಕಾಡಿ,
ಕೈಗೆ ಸಿಕ್ಕ ಜಲ್ಲಿಪುಡಿಯನ್ನೇ ಗಾಲಿಯ ಬುಡಕ್ಕೆ ಇಟ್ಟನಂತೆ,
ಹಟದ ಮಗುವಿಗೆ ತುತ್ತಿಡುವ ಹಾಗೆ,
ಒಂದೊಂದೇ ಹಿಡಿ, ಸುರಂಗ ಮುಗಿಯುವ ತನಕ.

ಬೆಳಿಗ್ಗೆ ಕಾಯ್ತಾನ್ ಬಂದ. ಬೈಯಲಿಲ್ಲ.
ನನ್ನ ಅಂಗೈ ಬಿಡಿಸಿ ಒಂದು ಉಂಡೆ ಇಟ್ಟ.
ನನ್ನದೇ ಮರಳು.
ಭೀಮಶಿ ಹನ್ನೊಂದು ದಿನ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ
ಕಪ್ಪಗೆ ಕೆಮ್ಮಿದ.

ಆಮೇಲೆ ಊರಿಂದ ಅಕ್ಕಿ ತರಿಸಿದೆ,
ಕುದಿಸಿ, ಉಪ್ಪುನೀರು ಹಿಡಿಸಿ ಒಣಗಿಸಿದ್ದು.
ಪ್ರತಿ ಒಲೆಗೂ ಒಂದು ಹಿಡಿ ಎಸೆದು ನೋಡುವೆ.
ಅರಳಿದರೆ ಮರಳು ಪಾಸು.
ಅರಳದಿದ್ದರೆ, ಗಾಡಿ ತಡವಾಗಲಿ, ಕೊಡೆ.
ಮಂಡಕ್ಕಿಯನ್ನು ಸೋಸಿ, ಹಳೇ ಟೈಮ್‌ಟೇಬಲಿನ ಹಾಳೆಯಲ್ಲಿ ಕಟ್ಟಿ
ಬಕೆಟ್ಟಿನ ಜೊತೆಗೇ ಕಳಿಸುವೆ.
ಕಾಯ್ತಾನ್ ಮರಳನ್ನು ಮುಟ್ಟಿಯೂ ನೋಡುತ್ತಿರಲಿಲ್ಲ.
ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು
ಗರಿ ಅಂದರೆ ರೆಗ್ಯುಲೇಟರಿಗೆ ಕೈ ಹಾಕುತ್ತಿದ್ದ.

ಡೀಸೆಲ್ ಬಂತು.
ಅದಕ್ಕೂ ಮರಳು ಬೇಕು, ಆದರೆ ಅದು
ಎಲ್ಲಿಂದಲೋ ಚೀಲ ಹೊಲಿದುಕೊಂಡು ಬರುತ್ತದೆ.
ನನ್ನನ್ನು ಗೇಟಿಗೆ ಹಾಕಿದರು.
ವೈಡಿಗಳನ್ನು ಹಿತ್ತಲ ಸೈಡಿಂಗಿಗೆ ನೂಕಿದರು.
ಗಾಲಿಗೆ ಬಳ್ಳಿ ಹತ್ತಿತು. ಫಲಕ ಯಾರೋ ಬಿಚ್ಚಿಕೊಂಡು ಹೋದರು,
ನಾಲ್ಕು ತೂತು ಉಳಿದವು.

ಗ್ಯಾಸು ಹಿಡಿದು ಕತ್ತರಿಸಲು ಬಂದವನು
ಚಿಕ್ಕ ಹುಡುಗ, ಕಪ್ಪು ಕನ್ನಡಕ.
ಮರಳಿನ ಡಬ್ಬಿ ಸೀಳಿದಾಗ ಸರ್ರನೆ ಸುರಿಯಿತು,
ಅವನು ಹಾರಿ ಹಿಂದೆ ಸರಿದ.
ನಾನು ಕುಕ್ಕರುಗಾಲಲ್ಲಿ ಕೂತು ಕೈಯಿಟ್ಟೆ.
ನಾಲ್ಕು ಮಳೆಗಾಲ ನೆನೆದ ಎಂಜಿನ್ನು.
ಒಣಗೇ ಇತ್ತು,
ಮುಷ್ಟಿ ಕಟ್ಟಿದರೆ ನಿಲ್ಲದಷ್ಟು.

‘ಏನು ಕಳೆದಿದೆ ಚಾಚಾ?’
ಬೀಗದ ಕೈ ಎಂದೆ.